ಗುಡ್ಡದಲ್ಲಿ ಓಗೊಡಬಾರದು

ಕಳೆದ ವಾರ ಭಟ್ಕಳದಲ್ಲಿ ಬಸ್ಸಿಳಿದು ಬಂದರಿನ ದಾರಿ ಹಿಡಿದಿದ್ದೆ. ಕೈಯಲ್ಲಿ ಇಡಗುಂಜಿಯಿಂದ ತಂದ ಪಂಚಕಜ್ಜಾಯದ ಪೊಟ್ಟಣವಿತ್ತು. ಮೀನುಪೇಟೆಯ ತಿರುವಿಗೆ ಬರುವಷ್ಟರಲ್ಲಿ ನನ್ನ ದನಿ ನನಗೇ ಎದುರಾಯಿತು. “ಮೀನುಗಾರ ಬಾಂಧವರ ಗಮನಕ್ಕೆ. ನಾಳೆ ಬೆಳಿಗ್ಗೆಯಿಂದ ಗುಡ್ಡದ ಸುತ್ತಲಿನ ಸಮುದ್ರದಲ್ಲಿ ನೌಕಾಪಡೆಯ ಗುಂಡಿನ ತಾಲೀಮು ನಡೆಯಲಿದೆ. ಯಾವ ದೋಣಿಯೂ ಆ ಕಡೆ ಹೋಗಕೂಡದು.” ಆಟೋರಿಕ್ಷಾದ ಮೇಲೆ ಕಟ್ಟಿದ ಧ್ವನಿವರ್ಧಕದಿಂದ ಅದು ಬರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ರಸ್ತೆಯ ಬದಿಯಲ್ಲಿ ನಿಂತಿದ್ದೆ. ನನ್ನ ದನಿ ನನ್ನ ಪಕ್ಕದಲ್ಲೇ ಹಾದು ಮುಂದಕ್ಕೆ ಹೋಯಿತು.

ಅದು ಕೆಲವು ವರ್ಷಗಳ ಹಿಂದೆ ನಮ್ಮ ಮೀನುಗಾರಿಕೆ ಇಲಾಖೆಯವರು ನನ್ನಿಂದ ಒಮ್ಮೆ ಹೇಳಿಸಿ ಹಿಡಿದಿಟ್ಟುಕೊಂಡದ್ದು. ಆಮೇಲೆ ನನಗೆ ಕುಮಟೆಗೆ ವರ್ಗವಾಯಿತು, ತಲೆಗೂದಲು ಅರ್ಧ ಉದುರಿತು, ಮುಂದಿನ ಹಲ್ಲೊಂದು ಹೋಯಿತು. ದನಿ ಮಾತ್ರ ಹಾಗೇ ಇದೆ. ಬೇರೆ ಯಾರದಾದರೂ ದನಿ ಹಾಕಿ ಎಂದು ಕೇಳಿಕೊಂಡರೆ, “ಜನಕ್ಕೆ ನಿಮ್ಮ ದನಿ ರೂಢಿಯಾಗಿದೆ, ಬಿಡಿ ಮಾರಾಯ್ರೇ” ಅಂದರು. ರೂಢಿಯಾಗಿರುವುದೇ ನನ್ನ ಹೆದರಿಕೆ ಎಂದು ಕಚೇರಿಯಲ್ಲಿ ಕೂತು ಹೇಗೆ ಹೇಳುವುದು? ಅದಕ್ಕೇ ನಾನು ಭಟ್ಕಳದಲ್ಲಿದ್ದ ಒಂದು ಚಳಿಗಾಲದ ಕತೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುಡ್ಡ ಎಂದರೆ ಸಮುದ್ರದ ನಡುವಿನ ಒಂದು ನಡುಗಡ್ಡೆ. ಅದಕ್ಕೊಂದು ಹೆಸರಿದೆ, ನಕಾಶೆಯಲ್ಲೂ ಇದೆ. ದೋಣಿಯವರು ಅದನ್ನು ಬಾಯಿಗೆ ತರುವುದಿಲ್ಲ, ಹಾಗಾಗಿ ನಾನೂ ಬರೆಯುವುದಿಲ್ಲ. ಅದರ ನೆತ್ತಿಯಲ್ಲಿ ಒಂದು ಕಲ್ಲಿದೆ. ಆ ಕಲ್ಲೇ ದೇವರು. ಗುಡಿಯಿಲ್ಲ, ಪೂಜೆಯವರಿಲ್ಲ. ಕಡಲಿನಲ್ಲಿ ಜೀವ ಉಳಿದವರು ಹರಕೆಯ ಆಡನ್ನು ಅಲ್ಲಿಗೆ ಒಯ್ದು ಬಿಟ್ಟು ಬರುತ್ತಾರೆ. ಕಡಿಯುವುದಿಲ್ಲ, ಬರೀ ಬಿಡುವುದು. ಹಾಗೆ ಬಿಟ್ಟ ಆಡುಗಳು ಅಲ್ಲೇ ಮರಿ ಹಾಕಿ ಹಿಂಡಾಗಿವೆ. ಕೊಂಕಣಿ ಮಾತಾಡುವ ದೋಣಿಯವರು, ನವಾಯತಿ ಮಾತಾಡುವ ದೋಣಿಯವರು ಎಲ್ಲರೂ ಗುಡ್ಡದ ಎದುರು ಹಾಯುವಾಗ ಇಂಜಿನ್ನಿನ ಸದ್ದು ತಗ್ಗಿಸುತ್ತಾರೆ.

ಅಲ್ಲಿಗೆ ಹೋಗುವವರಿಗೆ ಕಟ್ಟಳೆಗಳಿವೆ. ಗುಡ್ಡದ ಮೇಲೆ ಯಾರನ್ನೂ ಹೆಸರು ಹಿಡಿದು ಕರೆಯಬಾರದು. ನಿಮ್ಮ ಹೆಸರೇ ಕೇಳಿಸಿದರೂ ಓಗೊಡಬಾರದು, ಯಾಕೆಂದರೆ ಹಾಗೆ ಕರೆಯುವುದು ಮನುಷ್ಯರಲ್ಲ. ಆಡು ಬಿಟ್ಟು ದೋಣಿ ಹತ್ತಿದ ಮೇಲೆ, ಬಂದರಿನ ಬಾಯಿ ದಾಟುವ ತನಕ ಹಿಂದಿರುಗಿ ನೋಡಬಾರದು, ದೋಣಿಯಲ್ಲಿ ತಲೆ ಎಣಿಸಲೂಬಾರದು. ಕುಮಟೆಯ ಪೇಟೆಯಲ್ಲಿ ಬೆಳೆದ ನನಗೆ ಇದನ್ನೆಲ್ಲ ಹೇಳಿಕೊಟ್ಟವನು ಮಾದೇವ.

ಮಾದೇವ ತಾಂಡೇಲ ಸುಬ್ರಾಯನ ಒಬ್ಬನೇ ಮಗ. ದೋಣಿ ನಡೆಸುವ ಮುಖ್ಯಸ್ಥನಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ನಾನು ಮೀನುಗಾರಿಕೆ ಇಲಾಖೆಯಲ್ಲಿ ಚಿಕ್ಕ ನೌಕರ, ಬಂದರಿನ ಪಕ್ಕದ ಕೋಣೆಯೊಂದರಲ್ಲಿ ಒಬ್ಬನೇ ಇದ್ದೆ. ಮಾದೇವ ಸಂಜೆಗೆ ಬಂಗಡೆಯೋ ತಾರ್ಲೆ ಮೀನೋ ತಂದು ಕೊಡುತ್ತಿದ್ದ, ಅವನ ತಾಯಿ ದುರ್ಗಕ್ಕ ಕಳಿಸಿದ ಸಾರನ್ನೂ ತರುತ್ತಿದ್ದ. ಬಂದರಿನ ಕಟ್ಟೆಯ ಮೇಲೆ ಕೂತು ನನ್ನ ಪ್ರಕಟಣೆಯನ್ನು ಮೂಗಿನಲ್ಲಿ ಅಣಕಿಸುತ್ತಿದ್ದ. “ಸರ್, ನಿಮ್ಮ ದನಿ ಕೇಳಿದ್ರೆ ಬಂಗಡೆನೂ ಬಲೆ ಬಿಟ್ಟು ಓಡ್ತದೆ” ಅನ್ನುತ್ತಿದ್ದ. ಅವನನ್ನು ಕಂಡರೆ ನನಗೆ ತುಂಬ ಪ್ರೀತಿ. ನನಗೆ ತಮ್ಮನಿಲ್ಲ.

ಆ ವರ್ಷದ ದೀಪಾವಳಿ ಮುಗಿದ ಮೇಲೆ ತಾಲೂಕು ಕಚೇರಿಯಲ್ಲಿ ಒಂದು ಸಭೆಯಾಯಿತು. ಗುಡ್ಡವನ್ನು ಗುರಿಯಾಗಿಟ್ಟುಕೊಂಡು ಹಡಗುಗಳು ಗುಂಡು ಹಾರಿಸುವ ತಾಲೀಮು ನಡೆಸಲಿವೆ ಎಂದು ತಿಳಿಸಲು ನೌಕಾಪಡೆಯ ಅಧಿಕಾರಿಯೊಬ್ಬರು ಬಂದಿದ್ದರು. ಬಿಳಿ ಸಮವಸ್ತ್ರ, ತೆಳ್ಳಗಿನ ಮೀಸೆ. ಹಿಂದಿಯಲ್ಲಿ ಮಾತಾಡುತ್ತಾರೆ ಎಂದುಕೊಂಡಿದ್ದೆವು, ನೋಡಿದರೆ ಧಾರವಾಡದ ಕಡೆಯವರು.

ಹಿಂದಿನ ಸಾಲಿನಿಂದ ಒಬ್ಬ, “ನಿಮ್ಗೆ ಹೊಡುಕೆ ಬೇರೆ ಜಾಗ ಸಿಕ್ಲಿಲ್ವಾ?” ಅಂದ.

ಅಧಿಕಾರಿ ಸಿಟ್ಟಾಗಲಿಲ್ಲ. “ನೋಡ್ರಿ, ತೋಪು ನಮ್ಮ ಕೈಯಾಗ ಐತಿ ಅಂತ ಬೇಕಾದಾಗ, ಬೇಕಾದಲ್ಲಿ ಹೊಡಿಯಾಕ ಬರೂದಿಲ್ಲ. ದಿಲ್ಲಿಯೊಳಗ ರಕ್ಷಣಾ ಮಂತ್ರಾಲಯ ಅಂತ ಐತಿ. ಅಲ್ಲಿ ಕುಂತವರು ನಮ್ಮಂಗ ಸಮವಸ್ತ್ರದವರಲ್ಲ. ಮಂತ್ರಿ ಅಂದ್ರ ನೀವು ಆರಿಸಿ ಕಳಿಸಿದವರು, ಅವರ ಕೈಕೆಳಗ ಕಾರ್ಯದರ್ಶಿಗಳು. ಯಾವ ಹಡಗ ತಗೊಳ್ಳೂದು, ಎಷ್ಟು ಖರ್ಚು ಮಾಡೂದು, ಯಾವ ಜಾಗಾ ತಾಲೀಮಿಗೆ, ಎಲ್ಲಾ ಅವರ ಅಪ್ಪಣಿ. ತಪ್ಪಾದ್ರ ಪಾರ್ಲಿಮೆಂಟಿನೊಳಗ ಅವರನ್ನ ಕೇಳವರು ಅದಾರ. ನಾವು ಹೊಡಿಯವರು ಅಷ್ಟ.”

ಸುಬ್ರಾಯ ಎದ್ದು ನಿಂತ. ಅವನು ಮಾತು ಕಡಿಮೆಯ ಮನುಷ್ಯ. “ಆ ದಿಲ್ಲಿಯವ್ರು ಈ ಗುಡ್ಡ ಕಂಡಿದ್ರಾ?” ಎಂದು ಕೇಳಿದ.

“ಇಲ್ರಿ. ನಕಾಶೆಯೊಳಗ ನೋಡಿರಬೇಕು.”

“ನಮ್ಮ ಗುಡ್ಡದ ಒಡೆಯನೂ ಹಂಗೇ. ಅಂವನ್ನ ಕಂಡವ್ರಿಲ್ಲ. ಅಪ್ಪಣೆ ಮಾತ್ರ ಕೇಳೂಕೇ ಬೇಕು” ಎಂದು ಹೇಳಿ ಸುಬ್ರಾಯ ಕೂತ. ಅಧಿಕಾರಿ ನಕ್ಕರು, ನಾವು ನೌಕರರೂ ನಕ್ಕೆವು. ದೋಣಿಯವರು ಯಾರೂ ನಗಲಿಲ್ಲ.

ನನ್ನ ಪಾಲಿಗೆ ಬಂದ ಕೆಲಸ ಎರಡು. ಗುಂಡು ಹಾರುವ ಮುಂಚಿನ ದಿನ ಆಟೋದಲ್ಲಿ ಕೂತು ಕೇರಿ ಕೇರಿಗೆ ಹೋಗಿ ಸಾರುವುದು. ಸಂಜೆ ಬಂದರಿನ ಬಾಯಲ್ಲಿ ನಿಂತು, ಹೋದ ದೋಣಿಗಳೆಲ್ಲ ಬಂದವೆಂದು ನೋಡಿಕೊಂಡು, ಮೇಲಿನವರಿಗೆ ‘ಗುಡ್ಡ ಖಾಲಿ’ ಎಂದು ಫೋನು ಮಾಡುವುದು. ದಿಲ್ಲಿಯಿಂದ ಅಪ್ಪಣೆ ಮೆಟ್ಟಿಲಿಳಿದು ಬರುವಾಗ ಕೊನೆಯ ಮೆಟ್ಟಿಲು ನಾನು. ‘ಖಾಲಿ’ ಎಂಬ ಮಾತು ಮೇಲೆ ಹತ್ತಿ ಹೋಗುವಾಗ ಮೊದಲ ಮೆಟ್ಟಿಲೂ ನಾನೇ. ಮೊದಮೊದಲು ಇದರಿಂದ ನನಗೆ ಒಳಗೊಳಗೇ ಜಂಬ ಬಂದಿತ್ತು. ಇಷ್ಟು ದೊಡ್ಡ ಹಡಗು ನನ್ನ ಒಂದು ಮಾತಿಗೆ ಕಾಯುತ್ತದಲ್ಲ ಎಂದು ಕನ್ನಡಿಯ ಮುಂದೆ ಮೀಸೆ ತಿದ್ದಿಕೊಂಡದ್ದೂ ಉಂಟು.

ತಾಲೀಮು ಶುರುವಾದ ದಿನ ಶಬ್ದ ಮೊದಲು ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ಕೋಣೆಯ ನೆಲ ನಡುಗಿತು. ಆಮೇಲೆ ದೂರದಲ್ಲಿ ಯಾರೋ ದೊಡ್ಡ ಬಾಗಿಲು ಹಾಕಿದಂತೆ ಕೇಳಿಸಿತು. ಬಂದರಿನ ಕಾಗೆಗಳೆಲ್ಲ ಎದ್ದು, ಕೂರಲು ಜಾಗವೇ ತೋಚದೆ ಮಧ್ಯಾಹ್ನದ ತನಕ ಸುತ್ತಿದವು. ಮೊದಲ ಸುತ್ತು ಮುಗಿದು ದೋಣಿಗಳು ಮತ್ತೆ ಹೊರಟಾಗ ಮಾದೇವ ಬಂದು ಹೇಳಿದ, “ಸರ್, ಆಡುಗಳು ಮೇಯೂದು ಬಿಟ್ಟಾವೆ. ಎಲ್ಲ ಸಾಲಾಗಿ ನಿಂತ್ಕಂಡು ಊರ ಬದಿಗೇ ನೋಡ್ತವೆ. ದೋಣಿ ಹಾದ್ರೂ ತಲೆ ತಿರುಗ್ಸೂದಿಲ್ಲ.” ಅವನು ಅದನ್ನು ಹೇಳುವಾಗ ಅಣಕಿಸಲಿಲ್ಲ, ನಗಲೂ ಇಲ್ಲ.

ಅವನಿಗೆ ಹೆದರಲು ಕಾರಣವಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ಬಂದರಿನ ಬಾಯಿಯಲ್ಲೇ ಅವರ ದೋಣಿ ಮಗುಚಿ ಮಾದೇವ ಅದರ ಅಡಿಯಲ್ಲಿ ಸಿಕ್ಕಿಕೊಂಡಿದ್ದ. ಅವನನ್ನು ಎಳೆದು ಹೊರಗೆ ಹಾಕಿದಾಗ ಉಸಿರಿರಲಿಲ್ಲವಂತೆ. ಸುಬ್ರಾಯ ಮರಳಿನ ಮೇಲೆ ಮೊಣಕಾಲೂರಿ ಗುಡ್ಡಕ್ಕೆ ಕೈಮುಗಿದು ಆಡು ಹೇಳಿಕೊಂಡ ಮೇಲೆ ಮಗ ನೀರು ಕಾರಿ ಕಣ್ಣು ಬಿಟ್ಟ. ಆ ಹರಕೆಯ ಆಡು ಅವರ ಅಂಗಳದಲ್ಲೇ ಬೆಳೆಯುತ್ತಿತ್ತು. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ತಾಲೀಮು ಮುಗಿಯುವ ತನಕ ಗುಡ್ಡದ ಮೇಲೆ ಇಳಿಯಕೂಡದೆಂದು ಆದ ಮೇಲೆ ಅದೂ ಹುಲ್ಲು ಮುಟ್ಟುತ್ತಿರಲಿಲ್ಲ. ಕಟ್ಟಿದ ಗೂಟದ ಸುತ್ತ ತಿರುಗಿ, ಸಮುದ್ರದತ್ತ ಮುಖ ಮಾಡಿ ನಿಂತುಬಿಡುತ್ತಿತ್ತು.

ದುರ್ಗಕ್ಕ ಒಂದು ದಿನ ನನ್ನ ಕೋಣೆಗೇ ಬಂದಳು. “ಸರ್, ಹೇಳ್ಕಂಡ ವಸ್ತು ಕೊಡ್ದೇ ಹೋದ್ರೆ ಅಂವ ಉಳ್ಸಿಕೊಟ್ಟದ್ದನ್ನೇ ವಾಪಸ್ ಕೇಳ್ತ. ಮೊನ್ನೆಯಿಂದ ಮಗಂಗೆ ನಿದ್ದೆಲಿ ಉಸ್ರು ಕಟ್ತದೆ. ಒಂದು ದಿವ್ಸ ಬಿಡ್ಸಿಕೊಡಿ. ನಿಮ್ಮ ಕಾಲಿಗೆ ಬೀಳ್ತೆ” ಎಂದಳು. ಬೀಳಲು ಬಗ್ಗಿಯೂ ಬಿಟ್ಟಳು.

ನನ್ನ ಸಾಹೇಬರಿಗೆ ಹೇಳಿದೆ. ‘ಆಡು ಬಿಡಲು’ ಎಂದು ಬರೆದರೆ ಮೇಲಿನವರು ನಗುತ್ತಾರೆಂದು ಅವರು ‘ಸ್ಥಳೀಯರ ಧಾರ್ಮಿಕ ಆಚರಣೆಗಾಗಿ’ ಎಂದು ಬರೆಸಿದರು. ಅರ್ಜಿ ಹೊನ್ನಾವರಕ್ಕೆ ಹೋಯಿತು, ಜಿಲ್ಲೆಗೆ ಹೋಯಿತು, ಅಲ್ಲಿಂದ ನೌಕಾಪಡೆಗೆ. ಒಂದು ದಿನ ಧಾರವಾಡದ ಅಧಿಕಾರಿ ನನಗೇ ಫೋನು ಮಾಡಿದರು. “ಎರಡನೇ ಸುತ್ತಿನ ಮುಂಚಿನ ದಿನ ಬಿಟ್ಟುಕೊಟ್ಟೀವ್ರಿ. ಕಾಲುದಾರಿ ಬಿಟ್ಟು ಕಾಲಿಡಬಾರದು, ಸಂಜಿ ಒಳಗ ವಾಪಸ್ ಬರಬೇಕು. ಈ ಒಂದ್ ದಿನ ಸರಸಾಕ ನಾ ಎಷ್ಟು ಮಂದಿಗೆ ಕೇಳೀನಿ ಅಂತ ನಿಮಗ ಗೊತ್ತಿಲ್ಲ. ಅಲ್ರೀ, ಮರುದಿನ ಗುಂಡು ಬೀಳೂ ಜಾಗಾದಾಗ ಆಡು ಬಿಟ್ಟು ಏನ್ ಮಾಡ್ತಾರಿವರು?”

ಆ ಪ್ರಶ್ನೆಯನ್ನು ನಾನು ಸುಬ್ರಾಯನಿಗೆ ದಾಟಿಸಿದೆ. ಅವನು ಬಲೆಯ ಹರಕಿಗೆ ದಾರ ಹಾಕುತ್ತ ತಲೆ ಎತ್ತದೆ ಹೇಳಿದ, “ಬಿಡೂದು ನಮ್ಮ ಕೆಲ್ಸ. ಇಟ್ಕಂಬುದು ಅಂವಂದು.”

ಸಿಕ್ಕಿದ ದಿನ ಬೆಳಗ್ಗೆ ಮಂಜು ಮುಸುಕಿತ್ತು. ಸುಬ್ರಾಯ, ಅವನ ಇಬ್ಬರು ತಮ್ಮಂದಿರು, ಮಾದೇವ ಮತ್ತು ಆಡು ಹೊರಟರು. ಹರಕೆ ಯಾರ ಜೀವದ್ದೋ ಅವನೇ ಆಡನ್ನು ಕಲ್ಲಿನ ತನಕ ಒಯ್ದು, ಹಗ್ಗವನ್ನು ಕಲ್ಲಿಗೆ ಕಟ್ಟಿ, ಆಡನ್ನು ಬಿಡಿಸಿ, ಹಗ್ಗವನ್ನು ಅಲ್ಲೇ ಬಿಟ್ಟು ಬರಬೇಕು. ಉಳಿದವರು ದೋಣಿಯ ಹಿಂಭಾಗವನ್ನು ಬಂಡೆಗೆ ತಾಗಿಸಿ, ಗುಡ್ಡಕ್ಕೆ ಬೆನ್ನು ಹಾಕಿ ಕಾಯಬೇಕು. ಮಾದೇವ ದೋಣಿ ಹತ್ತುವಾಗ ನನಗೆ ಕಣ್ಣು ಹೊಡೆದು, ನನ್ನದೇ ದನಿಯಲ್ಲಿ “ಬಾಂಧವರ ಗಮನಕ್ಕೆ” ಎಂದ. ದುರ್ಗಕ್ಕ ಅವನ ತಲೆಗೆ ಮೊಟಕಿದಳು.

ಸೂರ್ಯ ಮುಳುಗುವ ಸ್ವಲ್ಪ ಮುಂಚೆ ದೋಣಿ ಕಾಣಿಸಿತು. ಬಂದರಿನ ಬಾಯಿ ದಾಟಿ ಒಳಗೆ ಬಂತು. ಆ ದಿನ ಗುಡ್ಡಕ್ಕೆ ಹೊರಟದ್ದು ಅದೊಂದೇ ದೋಣಿ, ಬಂದದ್ದನ್ನು ಕಣ್ಣಾರೆ ಕಂಡೆ, ‘ಗುಡ್ಡ ಖಾಲಿ’ ಎಂದು ಫೋನು ಮಾಡಿದೆ. ಆ ಮಾತು ಮೇಲಕ್ಕೆ ಹೊರಟುಹೋದ ಮೇಲೆ ಬಂದರಿನಲ್ಲಿ ಸುಬ್ರಾಯ ಕೂಗಿದ್ದು ಕೇಳಿಸಿತು. ಅದು ಕೂಗಿನಂತೆ ಇರಲಿಲ್ಲ, ಏನೋ ಹರಿದಂತಿತ್ತು.

ದೋಣಿಯಲ್ಲಿ ಮಾದೇವ ಇರಲಿಲ್ಲ.

“ಹತ್ತಿದ್ನಲ್ಲ!” ಸುಬ್ರಾಯನ ತಮ್ಮ ದೋಣಿಯ ಹಿಂಬದಿಗೆ ಕೈ ತೋರಿಸಿದ. “ದೋಣಿ ಹಿಂದೆ ತಗ್ತು. ಹಲಗೆ ಮೇಲೆ ಕಾಲು ಇಟ್ಟದ್ದು ಕೇಳ್ತು. ಕೂತದ್ದೂ ಗೊತ್ತಾತು. ಅದ್ಕೇ ಹೊರಟ್ದು.” ಹಿಂದಿರುಗಿ ನೋಡುವಂತಿಲ್ಲ, ಎಣಿಸುವಂತಿಲ್ಲ, ಹೆಸರು ಹಿಡಿದು ಕೇಳುವಂತಿಲ್ಲ. ಮೂವರೂ ಸಮುದ್ರ ನೋಡುತ್ತ ಅಷ್ಟು ದೂರ ಬಂದಿದ್ದರು. ದೋಣಿಯ ಹಿಂದಿನ ಹಲಗೆಯ ಮೇಲೆ ಆಡಿನ ಹಗ್ಗ ಒದ್ದೆಯಾಗಿ, ಸುರುಳಿ ಸುತ್ತಿಕೊಂಡು ಬಿದ್ದಿತ್ತು. ದುರ್ಗಕ್ಕ ಅದನ್ನು ಕಂಡವಳು ನೆಲದ ಮೇಲೆ ಕೂತುಬಿಟ್ಟಳು.

ಸುಬ್ರಾಯ ಆಗಲೇ ಇಂಜಿನ್ನಿಗೆ ಕೈ ಹಾಕಿದ್ದ. ಬಂದರಿನ ಪೊಲೀಸರು ಬಿಡಲಿಲ್ಲ. ಕತ್ತಲಾಗುತ್ತಿದೆ, ಮರುದಿನದ ಹಡಗುಗಳು ಆಗಲೇ ನೀರಿನಲ್ಲಿವೆ, ದೀಪವಿಲ್ಲದ ಸಣ್ಣ ದೋಣಿ ಅಡ್ಡ ಸಿಕ್ಕಿದರೆ ಗತಿಯೇನು ಎಂದರು. ಗುಡ್ಡದಲ್ಲಿ ಫೋನೂ ಹಿಡಿಯುವುದಿಲ್ಲ. ಉಳಿದದ್ದು ನನ್ನ ಮಾತೊಂದೇ. ನಾನು ಹೇಳಿದ ‘ಖಾಲಿ’ಯನ್ನು ನಾನೇ ವಾಪಸು ತರಬೇಕಿತ್ತು.

ಅಲೆತಡೆಯ ಕಲ್ಲುಗಳ ತುದಿಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅಲ್ಲಿಗೆ ಓಡಿ, ಗುಡ್ಡವಿರುವ ಕಡೆಗೇ ಮುಖ ಮಾಡಿ ನಿಂತು ಫೋನು ಹಚ್ಚಿದೆ. ನನ್ನ ಸಾಹೇಬರು ಕೇಳಿದರು, “ಹೆಸರೇನು? ಪೂರ್ತಿ ಹೇಳಿ.” ಹೇಳಿದೆ. ಹೊನ್ನಾವರದವರು ಕೇಳಿದರು, ಹೇಳಿದೆ. ಜಿಲ್ಲೆಯವರು ಕೇಳಿದರು, ತಾಲೂಕಿನವರು ಕೇಳಿದರು, ಪೊಲೀಸರು ಕೇಳಿದರು. “ಮಾದೇವ, ತಂದೆ ಸುಬ್ರಾಯ, ಪ್ರಾಯ ಇಪ್ಪತ್ತನಾಲ್ಕು, ಕಸುಬು ಮೀನುಗಾರಿಕೆ, ಸಾಕಿನ್ ಬಂದರ ಕೇರಿ, ತಾಲೂಕು ಭಟ್ಕಳ.” ಕೇಳಿಸುತ್ತಿಲ್ಲ, ಗಟ್ಟಿಯಾಗಿ ಹೇಳಿ ಅಂದರು. ಗಾಳಿಗೆ ಎದುರಾಗಿ ಕಿರುಚಿದೆ. ಊರಿನ ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಅದೇ ಸಾಲನ್ನು ಎಷ್ಟು ಸಲ ಹೇಳಿದೆನೋ ನನಗೇ ಲೆಕ್ಕವಿಲ್ಲ. ಗಂಟಲು ಕಟ್ಟಿತು. ಹೇಳುತ್ತ ಹೇಳುತ್ತ ಅದು ಮಾದೇವನ ಹೆಸರೆಂಬುದೇ ಮರೆತು, ಬಾಯಿಪಾಠದ ಮಗ್ಗಿಯಂತಾಯಿತು.

ಕೊನೆಗೆ ಧಾರವಾಡದ ಅಧಿಕಾರಿಯೇ ಕರೆ ಮಾಡಿದರು. ಅಳು ಬರುವುದೊಂದು ಬಾಕಿಯಿತ್ತು ನನಗೆ. “ದಿಲ್ಲಿಗೆ ಯಾವಾಗ ಮುಟ್ಟುತ್ತದೆ ಸರ್? ಬೆಳಗಾಗೋದರೊಳಗೆ ನಿಲ್ಲುತ್ತದಾ?” ಎಂದು ಕೇಳಿದೆ.

“ನಿಂತೈತ್ರಿ ಆಗಲೇ” ಅಂದರು. “ನೀವು ಖಾಲಿ ಇಲ್ಲ ಅಂದ್ರಿ, ಅಷ್ಟ ಸಾಕು. ಶುರು ಮಾಡಾಕ ಮ್ಯಾಲಿನವರ ಅಪ್ಪಣಿ ಬೇಕು. ನಿಲ್ಲಸಾಕ ತಳದಾಗಿನ ಒಬ್ಬ ಮನಿಷಾ ಇಲ್ಲ ಅಂದ್ರ ಮುಗೀತು. ಆದ್ರ ಕತ್ತಲದಾಗ ಯಾರನ್ನೂ ಗುಡ್ಡ ಹತ್ತಸಾಕ ಆಗೂದಿಲ್ಲ. ಸಿಡೀದ ಉಳದ ಗುಂಡು ಬಿದ್ದಿರತಾವು. ಬೆಳಕು ಹರೀಲಿ.” ನನಗೆ ಆ ಕ್ಷಣ ಆ ಮನುಷ್ಯನ ಕಾಲು ಹಿಡಿಯಬೇಕೆನಿಸಿತು.

ಬೆಳಗಾದ ಮೇಲೆ ನೌಕಾಪಡೆಯ ದೋಣಿ ಗುಡ್ಡವನ್ನು ಸುತ್ತು ಹಾಕಿತು. ನಾವು ಅಲೆತಡೆಯ ಮೇಲೇ ಕಾಯುತ್ತಿದ್ದೆವು. ಬಿಸಿಲು ಏರಿದ ಮೇಲೆ ಅಧಿಕಾರಿಯ ಫೋನು ಬಂತು. ಈ ಸಲ ಅವರ ದನಿ ಬೇರೆಯಾಗಿತ್ತು. “ಧ್ವನಿವರ್ಧಕದಾಗ ಕರದ ಕರದ ಸಾಕಾತ್ರಿ. ಒಂದ್ ಸೊಲ್ಲಿಲ್ಲ. ಸಿಡೀದ ಉಳದ ಗುಂಡಿನ ಸಲುವಾಗಿ ನೆತ್ತಿ ತನಕ ಹತ್ತಾಕ ಆಗಲಿಲ್ಲ. ಬರೇ ಆಡು ನಿಂತಾವು. ಸಮುದ್ರಕ್ಕ ಬಿದ್ದಿರಬೇಕು ಅಂತ ನಮ್ಮ ಹುಡುಗರ ಅಂದಾಜು. ಹುಡುಕೂದನ್ನ ನೀರಿನ ಕಡೆ ತಿರಗಸ್ತೀವಿ. ಗುಡ್ಡ ಖಾಲಿ ಅಂತ ಹಿಡ್ಕೊಳ್ಳೂಣೇನ್ರಿ? ನಿಮ್ಮ ಬಾಯಿಂದ ಬರಬೇಕದು.”

ಸುಬ್ರಾಯ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. “ಎಂತ ಹೇಳಿ ಕರೆದ್ರಂತೆ?” ಎಂದ.

“ಹೆಸರು ಹಿಡಿದು.”

ಸುಬ್ರಾಯ ನನ್ನ ತೋಳು ಹಿಡಿದುಕೊಂಡ. ಅವನ ಕೈ ಬೆಂಕಿಯಂತೆ ಸುಡುತ್ತಿತ್ತು. “ಹಂಗೆ ಕರೆದ್ರೆ ನನ್ನ ಮಗ ಬರೂದಿಲ್ಲ ಸರ್. ಕರ್ದಷ್ಟೂ ಅಡಗಿ ಕೂರ್ತ. ಚಿಕ್ಕವನಿದ್ದಾಗಿಂದ ನಾನೇ ಕಲಿಸಿದ್ದು. ಅಂವ ಈಗ್ಲೂ ಅಲ್ಲೇ ಇದ್ದ. ಖಾಲಿ ಹೇಳಬೇಡಿ.”

ನಾನು ಅದನ್ನು ಫೋನಿನಲ್ಲಿ ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಯಿತು. ರಕ್ಷಣಾ ಮಂತ್ರಾಲಯದ ಅಪ್ಪಣೆಯ ಮೇಲೆ ನಡೆಯುವ ಕೆಲಸವನ್ನು, ಹೆಸರು ಹಿಡಿದು ಕರೆದರೆ ಮನುಷ್ಯ ಬರುವುದಿಲ್ಲ ಎಂಬ ಕಾರಣಕ್ಕೆ ನಿಲ್ಲಿಸಿಡಿ ಎಂದು ಕೇಳುತ್ತಿದ್ದೆ. ಅಧಿಕಾರಿ, “ಹೆಸರಿಗೆ ಬರೂದಿಲ್ಲಂದ್ರ, ಮತ್ಯಾವದಕ್ಕ ಬರ್ತಾನ?” ಎಂದರು.

“ನಾನು ಬಂದ್ರೆ ಬರ್ತ” ಎಂದ ಸುಬ್ರಾಯ.

“ಹಿಂಗಂತ ನಾ ಮ್ಯಾಲ ಹೇಳಿದ್ರ ನನ್ನ ತಲಿ ಕೆಟ್ಟೈತಿ ಅಂತಾರ. ಇರ್ಲಿ, ಆಮ್ಯಾಲ ನೋಡೂಣ. ಇಬ್ಬರೂ ಬರ್ರಿ” ಎಂದು ಅವರು ದೋಣಿ ಕಳಿಸಿದರು.

ನಾನು ಆವರೆಗೆ ಗುಡ್ಡವನ್ನು ಹತ್ತಿರದಿಂದ ಕಂಡಿರಲಿಲ್ಲ. ಸಮೀಪಿಸಿದಂತೆ ಗಾಳಿ ನಿಂತುಹೋಯಿತು. ಅಲ್ಲಲ್ಲಿ ಮಣ್ಣು ಬಗೆದು ಕೆಂಪು ಹೊಂಡಗಳಾಗಿದ್ದವು. ಆಡುಗಳು ಹಿಂಡಾಗಿ ನಿಂತಿದ್ದವು. ಆದರೆ ಅವು ಊರಿನತ್ತ ನೋಡುತ್ತಿರಲಿಲ್ಲ, ನಮ್ಮನ್ನೂ ನೋಡುತ್ತಿರಲಿಲ್ಲ. ಎಲ್ಲವೂ ಮೇಲಿನ ಕಲ್ಲಿನ ಕಡೆ ಕತ್ತು ಎತ್ತಿದ್ದವು. ಅವುಗಳ ನಡುವೆ ಒಂದು ಬಿಳಿ ಕಿವಿ ಕಂಡಿತು. ತಡೆಯಲಾರದೆ ನಾನು ಕರೆಯಲು ಬಾಯಿ ತೆರೆದೆ. ಸುಬ್ರಾಯನ ಅಂಗೈ ನನ್ನ ಬಾಯಿಯ ಮೇಲೆ ಬಿತ್ತು, ಡೀಸೆಲ್ ವಾಸನೆ.

ಅವನು ಮನೆಯಿಂದ ಒಂದು ಕೊರಡು ತಂದಿದ್ದ. ಮೀನನ್ನು ಬಲೆಯ ಕಡೆ ಓಡಿಸಲು ದೋಣಿಯ ಹಲಗೆ ಬಡಿಯುವ ಕೊರಡು ಅದು. ನೌಕಾಪಡೆಯ ದೋಣಿಯ ಅಂಚಿಗೆ ಅವನು ಬಡಿಯಲು ಶುರುಮಾಡಿದ. ಎರಡು ಬೇಗ, ಒಂದು ನಿಧಾನ. ಮತ್ತೆ ಎರಡು ಬೇಗ, ಒಂದು ನಿಧಾನ. ಬಂದರ ಕೇರಿಯಲ್ಲಿ ಒಂದೊಂದು ದೋಣಿಯವರ ಬಡಿತ ಒಂದೊಂದು ರೀತಿ, ಇದು ಸುಬ್ರಾಯನ ದೋಣಿಯದು. ಬಂಡೆಗಳಿಂದ ಅದು ಮಾರ್ದನಿಸಿತು. ಅವನು ನಿಲ್ಲಿಸಿದ. ಮಾರ್ದನಿಯೂ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಸುಬ್ರಾಯ ಮತ್ತೆ ಬಡಿಯಲು ಕೊರಡು ಎತ್ತಿದ. ಆಗ ಕಲ್ಲಿನ ಹಿಂದಿನಿಂದ, ಕಲ್ಲಿಗೆ ಕಲ್ಲು ಕುಟ್ಟಿದ ಸದ್ದು ಬಂತು. ಎರಡು ಬೇಗ, ಒಂದು ನಿಧಾನ.

ಮಾದೇವ ಇಳಿದು ಬಂದ. ನೌಕಾಪಡೆಯವರು ಎಚ್ಚರಿಕೆಯಿಂದ ಹೆಜ್ಜೆ ತೋರಿಸಿ ದೋಣಿಗೆ ಹತ್ತಿಸಿಕೊಂಡರು. ಮೊಣಕಾಲು ಸುಲಿದಿತ್ತು, ತುಟಿ ಒಡೆದಿತ್ತು. ಸುಬ್ರಾಯ ಅವನನ್ನು ಮುಟ್ಟಿ ಮುಟ್ಟಿ ನೋಡಿದ, ಭುಜ, ಕತ್ತು, ಕಿವಿ, ನಿಜಕ್ಕೂ ಅವನೇ ಹೌದೋ ಎಂದು. ನಾಲ್ಕಾರು ಸಮವಸ್ತ್ರದವರು, ಎಲ್ಲೆಲ್ಲಿಯ ಊರಿನವರೋ, ಅವರೂ ಯಾಕೋ ಹಿಂದಿರುಗಿ ನೋಡದೆ ಕೂತಿದ್ದರು.

ಬಂದರಿನ ಬಾಯಿ ದಾಟಿದ ಮೇಲೆ ಮಾದೇವ ಬಾಯಿ ಬಿಟ್ಟ. ಹಳೆಯ ಕಾಲುದಾರಿಯನ್ನು ಗುಂಡು ಕಿತ್ತುಹಾಕಿತ್ತಂತೆ. ಬಳಸಿ ಬರುವಷ್ಟರಲ್ಲಿ ದೋಣಿ ಹೊರಟಿತ್ತು. ಹಗ್ಗವನ್ನು ಕಲ್ಲಿಗೇ ಕಟ್ಟಿ ಬಂದಿದ್ದೆ ಎಂದ. “ಸಿಳ್ಳೆ ಹಾಕ್ದೆ ಅಪ್ಪಾ. ಇಂಜಿನ್ ಸದ್ದಿಗೆ ಕೇಳ್ಲಿಲ್ಲ. ನಾನು ಕೂರೂ ಜಾಗದಲ್ಲಿ ಯಾರೋ ಕೂತಿದ್ದ. ನನ್ನ ಹಂಗೇ ಕತ್ತು ಬಗ್ಗಿಸ್ಕಂಡು.” ಸುಬ್ರಾಯ ಅವನ ಬಾಯಿ ಮುಚ್ಚಲು ಹೋದ. ಮಾದೇವ ಕೈ ಸರಿಸಿ ನನ್ನ ಕಡೆ ತಿರುಗಿದ.

“ಆಮೇಲೆ ನೀವು ಬಂದ್ರಿ ಸರ್.”

“ನಾನೆಲ್ಲಿ ಬಂದೆ?”

“ನಿನ್ನೆ. ದೀಪ ಹಚ್ಚೂ ಹೊತ್ತಿಗೆ. ಕಲ್ಲಿನ ಆಚೆ ಬದಿಯಿಂದ ಕರೆದ್ರಲ್ಲ. ಮಾದೇವ, ತಂದೆ ಸುಬ್ರಾಯ, ಪ್ರಾಯ ಇಪ್ಪತ್ನಾಲ್ಕು, ಕಸುಬು ಮೀನುಗಾರಿಕೆ, ಸಾಕಿನ್ ಬಂದರ ಕೇರಿ. ಅದನ್ನೇ ಮತ್ತೆ ಮತ್ತೆ. ಒಂದೊಂದು ಸಲವೂ ಹತ್ರ ಹತ್ರ ಬಂದು. ದನಿ ನಿಮ್ಮದೇ, ಗಂಟ್ಲು ಕಟ್ಟಿತ್ತು. ಓ ಅನ್ನೂಕೆ ಬಾಯಿ ತೆಗ್ದಾಗಿತ್ತು.” ಅವನು ನನ್ನನ್ನೇ ದಿಟ್ಟಿಸುತ್ತಿದ್ದ. “ಇಷ್ಟು ದಿವ್ಸ ಒಟ್ಟಿಗಿದ್ದವ್ರು, ನನ್ನ ಅಪ್ಪನ ಹೆಸ್ರೆಲ್ಲ ಹೇಳಿ ಎಂತಕೆ ಕರೀತ್ರಿ ಅಂತ ಅನಿಸ್ತು. ಅದ್ಕೇ ಸುಮ್ನೆ ಕೂತೆ.”

ಅಲೆತಡೆಯ ತುದಿಯಲ್ಲಿ ನಿಂತು ಅದನ್ನೇ ಕಿರುಚುತ್ತಿದ್ದೆ ಎಂದು ಹೇಳಿದರೆ ಅವನಿಗೆ ಸಮಾಧಾನವಾಗುತ್ತದೋ, ಇನ್ನಷ್ಟು ಹೆದರಿಕೆಯಾಗುತ್ತದೋ ತಿಳಿಯಲಿಲ್ಲ. ಬಂದರಿನಿಂದ ಗುಡ್ಡಕ್ಕೆ ಮನುಷ್ಯರ ಕೂಗು ಮುಟ್ಟುವುದಿಲ್ಲ. ತೋಪಿನ ಸದ್ದೇ ಅಲ್ಲಿಂದ ಇಲ್ಲಿಗೆ ಬರುವಾಗ ಬಾಗಿಲು ಹಾಕಿದಷ್ಟಾಗಿರುತ್ತದೆ.

ಉಳಿದ ತಾಲೀಮು ಆಮೇಲೆ ನಡೆಯಿತು. ಮರುವರ್ಷ ಮೇಲಿನಿಂದ ಹೊಸ ಆದೇಶ ಬಂತು: ದೋಣಿಗಳನ್ನಲ್ಲ, ಹೋಗಿ ಬಂದ ಜನರನ್ನು ಎಣಿಸಬೇಕು. ಹರಕೆಗೆಂದು ವರ್ಷಕ್ಕೊಂದು ದಿನವನ್ನೂ ಬಿಟ್ಟುಕೊಟ್ಟರು. ಧಾರವಾಡದ ಅಧಿಕಾರಿ ಅದನ್ನು ಮೇಲಿನವರಿಗೆ ಯಾವ ಮಾತಿನಲ್ಲಿ ಒಪ್ಪಿಸಿದರೋ, ನನಗೆ ಇವತ್ತಿಗೂ ಕುತೂಹಲವಿದೆ. ದೋಣಿಯವರು ಎಣಿಸುವಂತಿಲ್ಲವಾದ್ದರಿಂದ ಆ ಪಾಪವನ್ನು ನನ್ನ ತಲೆಗೆ ಕಟ್ಟಿದರು, ವರ್ಗವಾಗುವ ತನಕ ನಾನೇ ಎಣಿಸಿದೆ. ಮಾದೇವ ಆ ಮೇಲೂ ಮೀನು ತಂದು ಕೊಡುತ್ತಿದ್ದ. ಆದರೆ ನಾನು ಹಿಂದಿನಿಂದ ಕೂಗಿದರೆ ನಿಲ್ಲುತ್ತಿರಲಿಲ್ಲ. ಬಾಗಿಲಾಚೆಯಿಂದ ಕರೆದರೆ ಒಳಗೆ ಸದ್ದಡಗುತ್ತಿತ್ತು. ಈಗಲೂ ನಾನು ಫೋನು ಮಾಡಿದರೆ ಎತ್ತುವವಳು ದುರ್ಗಕ್ಕ. ನನ್ನ ಮುಖ ಕಂಡರೆ ಮೊದಲಿನ ಹಾಗೇ ನಗುತ್ತಾನೆ, ಸೀದಾ ಮಾತಾಡುತ್ತಾನೆ. ಬರೀ ದನಿಗೆ ಮಾತ್ರ ಅವನು ಓಗೊಡುವುದಿಲ್ಲ. ನನಗೆ ಇದರಿಂದ ಆಗುವ ಸಂಕಟವನ್ನು ಅವನಿಗೆ ಹೇಳಿಲ್ಲ.

ಕಳೆದ ವಾರ ಬಂದರ ಕೇರಿಯ ಅವನ ಮನೆಯ ಮುಂದೆ ಹೋಗಿ ನಿಂತೆ. ಬಾಗಿಲು ಮುಚ್ಚಿತ್ತು. ಕರೆಯಲಿಲ್ಲ. ಪಂಚಕಜ್ಜಾಯದ ಪೊಟ್ಟಣವನ್ನು ಎಡಗೈಗೆ ಬದಲಿಸಿಕೊಂಡು ಬಾಗಿಲ ಹಲಗೆಯನ್ನು ಬಡಿದೆ, ಎರಡು ಬೇಗ, ಒಂದು ನಿಧಾನ. ಒಳಗೆ ಹೆಜ್ಜೆ ಸದ್ದಾಯಿತು. ಮಾದೇವ ಬಾಗಿಲು ತೆರೆದು ನನ್ನನ್ನು ಕಂಡು ಮುಖ ಅರಳಿಸಿದ. “ಅರೆ ಸರ್, ಯಾವಾಗ ಬಂದ್ರಿ?”

ಉತ್ತರ ಹೇಳುವಷ್ಟರಲ್ಲಿ ಆಟೋ ಕೇರಿಯ ತಿರುವಿಗೆ ಬಂದಿತ್ತು. ನನ್ನ ದನಿ ಬೆನ್ನ ಹಿಂದಿನಿಂದ, ಮನೆಯಿಂದ ಮನೆಗೆ ಹತ್ತಿರ ಹತ್ತಿರ ಬರತೊಡಗಿತು. ಮಾದೇವ ನನ್ನ ಬಾಯಿಯನ್ನೇ ನೋಡಿದ. ಅದು ಮುಚ್ಚಿತ್ತು. ಅವನು ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡು ಬಾಗಿಲ ಅಗಳಿ ಹಾಕಿದ.